ಶಿವಾಜಿನಗರದ ಹೆಸರು, ದೂರವಾಣಿನಗರದ ಸರ್ವರ್

ಮೇಜಿನ ಮೇಲೆ ಎರಡು ಹಾಳೆಗಳಿವೆ. ಎರಡರಲ್ಲೂ ಅದೇ ಅಂಗಡಿಯ ಹೆಸರು, ಅದೇ ಮೇಲ್ ವಿಳಾಸ. ಒಂದನ್ನು ಕಳಿಸಿದ್ದು ಅಂಗಡಿಯ ಒಡೆಯರಾದ ಭಾಯ್. ಬೇರಿಂಗ್, ಆಯಿಲ್ ಸೀಲ್‌ಗಳ ಆ ಕೊಟೇಶನ್ ಹೊಸೂರಿನ ಗಿರಾಕಿಯ ಸ್ಪ್ಯಾಮ್ ಫೋಲ್ಡರಿನಲ್ಲಿ ವಾರಗಟ್ಟಲೆ ಬಿದ್ದಿತ್ತು. ಇನ್ನೊಂದು ಭಾಯ್ ಕಳಿಸದೇ ಇದ್ದದ್ದು. 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಬಾಕಿ ಹಣ ಈ ಖಾತೆಗೆ ಹಾಕಿ' ಎನ್ನುವ ಅದು ಮಾತ್ರ ತುಮಕೂರಿನ ಗಿರಾಕಿಯ ಇನ್‌ಬಾಕ್ಸಿಗೆ ನೆಟ್ಟಗೆ ಹೋಗಿ ಕೂತಿತ್ತು.

"ಅವರು ಹಳೇ ಪಾರ್ಟಿ ಸಾರ್, ಅನುಮಾನ ಬಂದು ಫೋನ್ ಹಾಕಿದ್ರು. ಹಾಕದಿದ್ರೆ?" ಭಾಯ್ ಆ ಹಾಳೆಯನ್ನು ಬೆರಳ ತುದಿಯಿಂದ ದೂರ ತಳ್ಳುತ್ತಾರೆ. "ನಮ್ಮ ಅಬ್ಬಾ ಕಾಲದ ಹೆಸರು ಇದು. ಯಾರೋ ಅದನ್ನ ಹಾಕ್ಕೊಂಡು ದುಡ್ಡು ಕೇಳ್ತಾನೆ ಅಂದ್ರೆ ಹೇಗೆ?"

ಕೆಳಗಿನ ಗಲ್ಲಿಯಲ್ಲಿ ಮೀನಿನ ಕ್ರೇಟಿಗೆ ಐಸ್ ಸುರಿಯುವ ಸದ್ದು. ಕಿಟಕಿಯಾಚೆ, 1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್ಟಿನ ಗೋಡೆ. ಬಸ್ ನಿಲ್ದಾಣದ ಕಡೆಯಿಂದ ಕಂಡಕ್ಟರುಗಳ ಕೂಗು. ನಾವು ಕೂತಿರುವ ಮಹಡಿಯ ಕೋಣೆಯಲ್ಲಿ ಗೋಡೆಯುದ್ದಕ್ಕೂ ಬೇರಿಂಗ್ ಡಬ್ಬಗಳು, ವಿ-ಬೆಲ್ಟ್‌ಗಳ ಗೊಂಚಲು, ಗ್ರೀಸ್ ವಾಸನೆ. ಭಾಯ್ ಮಗಳು ಲೆಕ್ಕ ನೋಡಿಕೊಳ್ಳುವವರು. ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸುತ್ತಾರೆ.

ತುಮಕೂರಿನವರು ಕಳಿಸಿಕೊಟ್ಟ ನಕಲಿ ಮೇಲ್‌ನ ಹೆಡರ್ ತೆರೆಯುತ್ತೇನೆ. ಸಾಮಾನ್ಯವಾಗಿ ಯಾರೂ ನೋಡದ ಸಾಲುಗಳು ಇವು. ಎಸ್‌ಪಿಎಫ್: ನನ್. ಡಿಕೆಐಎಂ: ನನ್. ಡಿಮಾರ್ಕ್: ನನ್. ಅಂದರೆ ಕಳಿಸಿದವರು ಯಾರೆಂದು ತಾಳೆ ನೋಡುವ ಮೂರು ಗುರುತುಗಳೂ ಇಲ್ಲ. ಅಸಲಿ ಕೊಟೇಶನ್‌ನ ಹೆಡರ್ ತೆರೆದರೆ ಅಲ್ಲೂ ಅದೇ ಮೂರು 'ನನ್'. ಪಡೆಯುವ ಸರ್ವರ್‌ಗೆ ಕಳ್ಳನೂ ಭಾಯಿಯೂ ಒಂದೇ ಥರ ಕಂಡಿದ್ದಾರೆ. ತಪ್ಪು ಅದರದ್ದಲ್ಲ. ಯಾರನ್ನು ನಂಬಬೇಕೆಂದು ಈ ಅಂಗಡಿ ಆಗ ಎಲ್ಲೂ ಹೇಳಿಯೇ ಇರಲಿಲ್ಲ.

ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮವನ್ನು ಜಾನ್ ಪೋಸ್ಟೆಲ್ 1982ರಲ್ಲಿ ಬರೆದಾಗ ಜಾಲದಲ್ಲಿದ್ದವರು ಒಬ್ಬರನ್ನೊಬ್ಬರು ಬಲ್ಲವರು. 'ಇಂಥವರಿಂದ' ಎಂಬ ಜಾಗದಲ್ಲಿ ಯಾರ ಹೆಸರನ್ನಾದರೂ ಬರೆಯಬಹುದಿತ್ತು, ಪರೀಕ್ಷಿಸುವ ಏರ್ಪಾಡು ಇರಲಿಲ್ಲ. ಅದೇ ನಿಯಮ ಇಂದಿಗೂ ಕೆಳಗೆ ಓಡುತ್ತಿದೆ. ಆಮೇಲೆ ಬಂದ ಕಾವಲೆಲ್ಲ ಡೊಮೈನ್ ಒಡೆಯ ತನ್ನ ಹೆಸರಿನಡಿ ಎಲ್ಲರಿಗೂ ಕಾಣುವಂತೆ ಪ್ರಕಟಿಸುವ ಕೆಲವು ಸಾಲುಗಳಲ್ಲಿದೆ. ಆ ಸಾಲುಗಳನ್ನು ಇವತ್ತು ಬರೆಯಬೇಕು.

ಆದರೆ ಮೊದಲ ಪ್ರಶ್ನೆ ಸಾಲುಗಳದ್ದಲ್ಲ, ಒಡೆಯನದ್ದು. ಡೊಮೈನ್ ಯಾರ ಕೈಯಲ್ಲಿದೆ? ಈ ಅಂಗಡಿಯದು ಡಾಟ್ ಇನ್ ಹೆಸರು. ನಿಕ್ಸಿ ಸಂಸ್ಥೆಯ ಅಡಿಯಲ್ಲಿ ಆ ನೋಂದಣಿ 2005ರಲ್ಲಿ ಎಲ್ಲರಿಗೂ ಮುಕ್ತವಾಯಿತು, ಆಮೇಲೆ ಇಂಥ ಅಂಗಡಿಗಳೂ ಸುಲಭವಾಗಿ ಹೆಸರು ಕೊಂಡವು. ಹೆಚ್ಚಿನವರ ಪರವಾಗಿ ಕೊಂಡವರು ವೆಬ್‌ಸೈಟ್ ಮಾಡಿಕೊಟ್ಟ ಹುಡುಗರು; ಲಾಗಿನ್, ಒಟಿಪಿ ಎಲ್ಲ ಅವರ ಫೋನಿಗೆ. ಇಲ್ಲೂ ಹಾಗೇ ಆಗಿತ್ತು. ಭಾಯ್ ಮಗಳು ಆ ಹುಡುಗನನ್ನು ಹುಡುಕಿ, ಹೋದ ವಾರ ಖಾತೆಯನ್ನು ಅಂಗಡಿಯ ಹೆಸರಿಗೆ ಬರೆಸಿಕೊಂಡಿದ್ದಾರೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಅದು. ಅಂಗಡಿಯ ಬಾಡಿಗೆ ಕರಾರನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಜನ ಡೊಮೈನ್ ಲಾಗಿನ್ ಎಲ್ಲಿದೆ ಎಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಅದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಪ್ಯಾನೆಲ್ ತೆರೆಯುತ್ತದೆ. ಸಾಲು ಸಾಲಾಗಿ ರೆಕಾರ್ಡ್‌ಗಳು. ಎಂಎಕ್ಸ್ ಎಂಬಲ್ಲಿ ಇನ್ನೂ ಹಳೇ ಹೋಸ್ಟಿಂಗ್ ಕಂಪನಿಯ ಯಂತ್ರದ ಹೆಸರಿದೆ. ಹೊಸ ಮೇಲ್ ಸರ್ವರ್ ಇರುವುದು ಕೆ.ಆರ್. ಪುರದ ಹತ್ತಿರ, ಇವರದೇ ಗೋಡೌನಿನಲ್ಲಿ, ಲೀಸ್ಡ್ ಲೈನಿನ ಸ್ಥಿರ ಐಪಿ ವಿಳಾಸದ ಮೇಲೆ. ಆ ವಿಳಾಸ 203.0.113.25 ಎಂದಿಟ್ಟುಕೊಳ್ಳಿ. ಬರಹಗಳಲ್ಲಿ ಉದಾಹರಣೆ ಕೊಡಲೆಂದೇ ಕಾದಿರಿಸಿದ ಸಂಖ್ಯೆಗಳ ಗುಂಪಿನದು ಅದು. ಅಂಗಡಿಯ ನಿಜ ಸಂಖ್ಯೆ ಇಲ್ಲಿ ಬೇಡ.

ನಿನ್ನೆ ಸಂಜೆಯೇ ಒಂದು ಕೆಲಸ ಮಾಡಿಟ್ಟಿದ್ದೇನೆ. ಪ್ರತಿ ರೆಕಾರ್ಡಿನ ಪಕ್ಕದಲ್ಲೂ ಟಿಟಿಎಲ್ ಎಂಬ ಸಂಖ್ಯೆ ಇರುತ್ತದೆ. ಒಮ್ಮೆ ಕೇಳಿ ತಿಳಿದ ಉತ್ತರವನ್ನು ಎಷ್ಟು ಸೆಕೆಂಡ್ ಇಟ್ಟುಕೊಳ್ಳಬಹುದು ಎಂಬ ಲೆಕ್ಕ ಅದು. ಇಲ್ಲಿ 14400 ಇತ್ತು, ಅಂದರೆ ನಾಲ್ಕು ಗಂಟೆ. ಅದನ್ನು 300ಕ್ಕೆ ಇಳಿಸಿದ್ದೆ. ಇವತ್ತೇ ಇಳಿಸಿ ಇವತ್ತೇ ಎಂಎಕ್ಸ್ ಬದಲಿಸಿದರೆ ಉಪಯೋಗವಿಲ್ಲ, ಹಳೇ ಉತ್ತರ ಇಟ್ಟುಕೊಂಡವರು ಹಳೇ ನಾಲ್ಕು ಗಂಟೆಯನ್ನೇ ಎಣಿಸುತ್ತಾರೆ. ಈಗ ಆ ಗಂಟೆಗಳೆಲ್ಲ ಕಳೆದಿವೆ.

ಮೊದಲು ಒಂದು 'ಎ' ರೆಕಾರ್ಡ್. ಮೇಲ್ ಎಂಬ ಹೆಸರು, ಅದರ ಮುಂದೆ ಐಪಿ ಸಂಖ್ಯೆ. ಆಮೇಲೆ ಎಂಎಕ್ಸ್: ಈ ಡೊಮೈನಿಗೆ ಬರುವ ಮೇಲ್ ಆ ಹೆಸರಿನ ಯಂತ್ರಕ್ಕೆ, ಆದ್ಯತೆ 10. ಹಲವು ಯಂತ್ರಗಳಿದ್ದರೆ ಚಿಕ್ಕ ಸಂಖ್ಯೆಯದಕ್ಕೆ ಮೊದಲ ಪ್ರಯತ್ನ. ಎಂಎಕ್ಸ್ ಜಾಗದಲ್ಲಿ ನೇರವಾಗಿ ಐಪಿ ಬರೆಯುವಂತಿಲ್ಲ, ಹೆಸರೇ ಬೇಕು. ಆ ಹೆಸರು ಇನ್ನೊಂದರ ಅಡ್ಡಹೆಸರೂ, ಅಂದರೆ ಸಿನೇಮ್, ಆಗಿರಬಾರದು.

"ಯಾಕೆ ಸಾರ್?" ಎನ್ನುತ್ತಾರೆ ಮಗಳು.

"ನೀವು ಇನ್‌ಫೆಂಟ್ರಿ ರೋಡ್ ಅಂದ್ರೂ, ಭಗವಾನ್ ಮಹಾವೀರ್ ರಸ್ತೆ ಅಂದ್ರೂ ಆಟೋದವನು ಒಂದೇ ಕಡೆ ಬಿಡ್ತಾನಲ್ಲ, ಸಿನೇಮ್ ಅಂಥದ್ದು. ವೆಬ್‌ಸೈಟಿಗೆ ಪರವಾಗಿಲ್ಲ. ಮೇಲ್ ತರೋನಿಗೆ ಮಾತ್ರ ಮುಖ್ಯ ಹೆಸರನ್ನೇ ಕೊಡಬೇಕು. 1997ರಲ್ಲೇ ಬರೆದಿಟ್ಟ ನಿಯಮ ಅದು. ಮೀರಿದ್ರೆ ಕೆಲವು ಸರ್ವರ್ ತಲುಪಿಸ್ತವೆ, ಕೆಲವು ವಾಪಸ್ ಕಳಿಸ್ತವೆ, ಯಾಕೆ ಅಂತ ಗೊತ್ತಾಗೋದೇ ಇಲ್ಲ."

ಉಳಿಸು ಎಂಬ ಗುಂಡಿ ಒತ್ತಿ ಹೊರಗಿನಿಂದ 'ಡಿಗ್' ಎಂಬ ಆಜ್ಞೆ ಹಾಕಿ ಕೇಳುತ್ತೇನೆ. ಹೆಸರಿನ ಕೊನೆಗೆ ಚುಕ್ಕೆ ಇಡದಿದ್ದರೆ ಕೆಲವು ಪ್ಯಾನೆಲ್‌ಗಳು ಡೊಮೈನನ್ನು ಇನ್ನೊಂದು ಸಲ ಅಂಟಿಸಿಬಿಡುತ್ತವೆ. ಪರದೆಯ ಮೇಲೆ ಸರಿಯಾಗಿಯೇ ಕಾಣುತ್ತದೆ, ಹೊರಜಗತ್ತಿಗೆ ಡೊಮೈನ್ ಎರಡೆರಡು ಸಲ ಹೇಳಿದಂತಾಗಿರುತ್ತದೆ. ಇಲ್ಲಿ ಹಾಗಾಗಿಲ್ಲ. ಉತ್ತರ ಒಂದೇ ಸಾಲು: 10, ಹೊಸ ಯಂತ್ರದ ಹೆಸರು, ಕೊನೆಯಲ್ಲಿ ಚುಕ್ಕೆ.

ಭಾಯ್ ಚಹಾ ತರಿಸುತ್ತಾರೆ. ಗ್ಲಾಸ್ ಬಿಸಿ, ಅಂಚಿನಲ್ಲಿ ಹಿಡಿಯಬೇಕು. ಕುಡಿಯುತ್ತ ಅವರಿಗೆ ಈ ಸಾಲಿನ ವಯಸ್ಸು ಹೇಳುತ್ತೇನೆ. ಹೆಸರುಗಳನ್ನು ಸಂಖ್ಯೆಗೆ ಜೋಡಿಸುವ ಡಿಎನ್‌ಎಸ್ಸಿನ ವಿನ್ಯಾಸವನ್ನು ಪಾಲ್ ಮೊಕಪೆಟ್ರಿಸ್ ಪ್ರಕಟಿಸಿದ್ದು 1983ರಲ್ಲಿ. ಅದಕ್ಕೆ ಮೊದಲು ಜಾಲದ ಯಂತ್ರಗಳ ಹೆಸರೆಲ್ಲ ಒಂದೇ ಕಡತದಲ್ಲಿದ್ದವು, ಎಲ್ಲರೂ ಅದರ ಪ್ರತಿ ತರಿಸಿಕೊಳ್ಳುತ್ತಿದ್ದರು. ಎಂಎಕ್ಸ್ ಬಳಸಿ ಮೇಲ್ ದಾರಿ ಹುಡುಕುವ ಕ್ರಮವನ್ನು ಕ್ರೇಗ್ ಪಾರ್ಟ್ರಿಜ್ ಬರೆದದ್ದು 1986ರ ಜನವರಿಯಲ್ಲಿ. ಇಲ್ಲಿಂದ ನಡೆದೇ ಹೋಗಬಹುದಾದ ಮಿಲ್ಲರ್ಸ್ ರೋಡಿನ ಸೋನಾ ಟವರ್ಸ್‌ನಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ತನ್ನ ಕಚೇರಿ ತೆರೆದದ್ದು ಅದರ ಹಿಂದಿನ ವರ್ಷ, 1985ರಲ್ಲಿ. ಅಮೆರಿಕದ ಜೊತೆ ನೇರ ಉಪಗ್ರಹ ಸಂಪರ್ಕಕ್ಕಾಗಿ ತಂದ ಡಿಶ್ ಆಂಟೆನಾವನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಕಥೆಯನ್ನು ಆ ಕಂಪನಿ ಈಗಲೂ ಹೇಳುತ್ತದೆ.

"ಸೋನಾ ಟವರ್ಸ್ ನಂಗೊತ್ತು," ಭಾಯ್ ಮುಖ ಅರಳುತ್ತದೆ. "ಆ ಕಡೆ ಜನರೇಟರಿಗೆ ಬೇರಿಂಗ್ ಕೊಟ್ಟಿದೀವಿ."

ಈಗ ಎಸ್‌ಪಿಎಫ್. ಇದೊಂದು ಟಿಎಕ್ಸ್‌ಟಿ ರೆಕಾರ್ಡ್, ಬರೀ ಪಠ್ಯ. ನಮ್ಮ ಡೊಮೈನ್ ಪರವಾಗಿ ಮೇಲ್ ಕಳಿಸುವ ಹಕ್ಕು ಯಾವ ಯಂತ್ರಗಳಿಗಿದೆ ಎಂಬ ಪಟ್ಟಿ. ಪ್ಯಾನೆಲ್ಲಿನಲ್ಲಿ ಎಸ್‌ಪಿಎಫ್ ಇದೆ, ಒಂದಲ್ಲ ಎರಡು! ಆ ಎರಡು ಮೇಲ್ ಹೋದಮೇಲೆ ಸೇರಿದವು ಇವು: ಒಂದನ್ನು ಹೋಸ್ಟಿಂಗ್‌ನವರು ಹಾಕಿದ್ದಾರೆ, ಇನ್ನೊಂದನ್ನು ಬಿಲ್ಲಿಂಗ್ ಸಾಫ್ಟ್‌ವೇರ್ ಮಾರಿದವರು ವಾರದ ಹಿಂದೆ ಸೇರಿಸಿಹೋಗಿದ್ದಾರೆ. ಒಂದು ಡೊಮೈನಿಗೆ ಒಂದೇ ಇರಬೇಕು. ಎರಡಿದ್ದರೆ ಪರೀಕ್ಷಿಸುವವರು ಎರಡನ್ನೂ ಬಿಟ್ಟು ದೋಷ ಎಂದು ಬರೆದುಕೊಳ್ಳುತ್ತಾರೆ. ಎರಡನ್ನೂ ಅಳಿಸಿ ಒಂದನ್ನು ಬರೆಯುತ್ತೇನೆ: ವಿ=ಎಸ್‌ಪಿಎಫ್1, ಆಮೇಲೆ ಎಂಎಕ್ಸ್, ಆಮೇಲೆ ಬಿಲ್ಲಿಂಗ್ ಕಂಪನಿಯ ಇನ್‌ಕ್ಲೂಡ್, ಕೊನೆಗೆ ಮೈನಸ್ ಗುರುತಿನ ಆಲ್. ಇವರಷ್ಟೇ, ಬೇರೆ ಯಾರೂ ಅಲ್ಲ ಎಂದರ್ಥ. ಇನ್‌ಕ್ಲೂಡ್‌ಗಳನ್ನು ಪೇರಿಸುತ್ತ ಹೋಗುವಂತಿಲ್ಲ. ಈ ಒಂದು ಸಾಲನ್ನು ಬಿಡಿಸಲು ಡಿಎನ್‌ಎಸ್ಸನ್ನು ಹತ್ತು ಸಲ ಕೇಳಬಹುದು, ಹನ್ನೊಂದನೆಯದಕ್ಕೆ ಸಾಲೇ ಅಸಿಂಧು.

"ಇದಾದ್ರೆ ಆ ಕಳ್ಳ ನಿಲ್ತಾನಾ?"

"ಇಲ್ಲ ಭಾಯ್. ಎಸ್‌ಪಿಎಫ್ ನೋಡೋದು ಸರ್ವರ್‌ಗಳು ತಮ್ಮತಮ್ಮಲ್ಲಿ ಹೇಳ್ಕೊಳ್ಳೋ ಕಳಿಸಿದವರ ವಿಳಾಸನ. ಗಿರಾಕಿ ಕಣ್ಣಿಗೆ ಕಾಣೋ ಹೆಸರು ಬೇರೆ. ಎರಡನ್ನೂ ಕಟ್ಟಿಹಾಕೋ ಸಾಲು ಕೊನೆಗೆ ಬರುತ್ತೆ. ಆಮೇಲೂ ನಿಮ್ಮ ಹೆಸರಿನ ಒಂದಕ್ಷರ ಬದಲಿಸಿ ಬೇರೆ ಡೊಮೈನ್ ಕೊಂಡು ಬರೋನನ್ನ ಯಾವ ರೆಕಾರ್ಡೂ ತಡೆಯಲ್ಲ. ಖಾತೆ ಬದಲಾದ್ರೆ ಫೋನಲ್ಲಿ ನಾವೇ ಹೇಳ್ತೀವಿ ಅಂತ ಬಿಲ್ಲಿನ ಕೆಳಗೆ ಅಚ್ಚು ಹಾಕಿಸಿಬಿಡಿ."

ಮಗಳು ಬರೆದುಕೊಳ್ಳುತ್ತಾರೆ. ನಾನು ಬ್ಯಾಗ್ ಹೆಗಲಿಗೇರಿಸುತ್ತೇನೆ. ಉಳಿದದ್ದಕ್ಕೆ ಸರ್ವರ್ ಮುಂದೆಯೇ ಕೂರಬೇಕು.

ಕಮರ್ಷಿಯಲ್ ಸ್ಟ್ರೀಟಿನ ಜನಜಂಗುಳಿಯಲ್ಲಿ ನುಸುಳಿ ಎಂ.ಜಿ. ರೋಡ್ ಸೇರಿ ನೇರಳೆ ಮಾರ್ಗದ ಮೆಟ್ರೊ ಹತ್ತುತ್ತೇನೆ. ನಿಲ್ಲಲು ಜಾಗ ಸಿಕ್ಕಿದ್ದೇ ಪುಣ್ಯ. ಟ್ರಿನಿಟಿ. ಹಲಸೂರು. ಸೋಮೇಶ್ವರನ ಗುಡಿಗೆ ಹೋಗುವವರು ಹೂವಿನ ಪೊಟ್ಟಣದ ಜೊತೆ ಇಳಿಯುತ್ತಾರೆ, ತಮಿಳು, ಕನ್ನಡ ಎರಡೂ ಒಂದೇ ಉಸಿರಿನಲ್ಲಿ. ಅಲ್ಲಿಂದ ರೈಲು ತಿರುಗಿ ಸಿ.ಎಂ.ಎಚ್. ರೋಡಿನ ಮೇಲೆ ಓಡುತ್ತದೆ, ಅಂಗಡಿಗಳ ಎರಡನೇ ಮಹಡಿಯ ಕಿಟಕಿಗಳು ಪಕ್ಕದಲ್ಲೇ ಸರಿಯುತ್ತವೆ.

ಫೋನಿನಲ್ಲಿ ಎರಡು ಸಾರ್ವಜನಿಕ ರಿಸಾಲ್ವರ್‌ಗಳನ್ನು, ಅಂದರೆ ಡಿಎನ್‌ಎಸ್ ಉತ್ತರ ಹುಡುಕಿಕೊಡುವ ಸರ್ವರ್‌ಗಳನ್ನು, ಕೇಳಿ ನೋಡುತ್ತೇನೆ. 8.8.8.8 ಹೊಸ ಎಂಎಕ್ಸ್ ಹೇಳುತ್ತದೆ. 1.1.1.1 ಕೂಡ ಹೊಸದನ್ನೇ ಹೇಳುತ್ತದೆ, ಪಕ್ಕದಲ್ಲಿ ಉಳಿದ ಸೆಕೆಂಡುಗಳು: 112. ಮತ್ತೆ ಕೇಳಿದರೆ 97. ಡಿಎನ್‌ಎಸ್ ಬದಲಾವಣೆ 'ಹರಡುತ್ತದೆ' ಎಂದು ಜನ ಹೇಳುತ್ತಾರೆ. ಯಾರೂ ಏನನ್ನೂ ಹರಡುವುದಿಲ್ಲ. ಪ್ರತಿಯೊಬ್ಬರೂ ತಾವಿಟ್ಟುಕೊಂಡ ಉತ್ತರದ ಅವಧಿ ಮುಗಿಯುವುದನ್ನು ಕಾದು ಮತ್ತೆ ಬಂದು ಕೇಳುತ್ತಾರೆ, ಅಷ್ಟೆ. ಅಷ್ಟರಲ್ಲಿ ಇಂದಿರಾನಗರ ಬರುತ್ತದೆ.

ಇಲ್ಲಿ ಇಳಿದು ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು ಲೀಸ್ಡ್ ಲೈನ್ ಕೊಟ್ಟವರಿಗೆ ಫೋನ್ ಮಾಡುತ್ತೇನೆ. ಪಿಟಿಆರ್ ಎಂಬ ಒಂದು ರೆಕಾರ್ಡ್ ಮಾತ್ರ ನಮ್ಮ ಪ್ಯಾನೆಲ್ಲಿನಲ್ಲಿ ಬರೆಯಲಾಗದು. ಹೆಸರಿನಿಂದ ಸಂಖ್ಯೆ ಹೇಳುವುದು ಹೆಸರಿನ ಒಡೆಯನ ಕೆಲಸ. ಸಂಖ್ಯೆಯಿಂದ ಹೆಸರು ಹೇಳುವುದು ಸಂಖ್ಯೆಯ ಒಡೆಯನ ಕೆಲಸ, ಅಂದರೆ ಇಂಟರ್ನೆಟ್ ಕೊಟ್ಟವರದ್ದು.

"ಸಾರ್, ಪಿಟಿಆರ್ ಅಂದ್ರೆ ಪಾಯಿಂಟರ್ ಅಲ್ವಾ, ಅದು ನಿಮ್ಮ ಡೊಮೈನ್‌ನವರು ಮಾಡ್ಬೇಕು," ಎನ್ನುತ್ತದೆ ಆ ಕಡೆಯ ದನಿ.

"ಇಲ್ಲ ಸಾರ್, ಐಪಿ ನಿಮ್ಮದು. 203.0.113.25 ಅನ್ನೋದನ್ನ ತಿರುಗಿಸಿ, 25.113.0.203 ಇನ್-ಆಡರ್ ಡಾಟ್ ಅರ್ಪಾ ಅಂತ ನಿಮ್ಮ ರಿವರ್ಸ್ ಝೋನಲ್ಲಿ ಬರುತ್ತೆ. ಅದರ ಮುಂದೆ ನಮ್ಮ ಮೇಲ್ ಸರ್ವರ್ ಹೆಸರು ಹಾಕ್ಬೇಕು."

ಹೋಲ್ಡ್‌ನ ಹಾಡು ಕೇಳಿಸುತ್ತದೆ. ಎರಡು ರೈಲು ಬಂದು ಹೋಗುತ್ತವೆ. ಕೊನೆಗೆ ಇನ್ನೊಬ್ಬರು ಬಂದು, ಕೇಳಿದ ಕೂಡಲೇ "ಆಯ್ತು, ಲೆಟರ್‌ಹೆಡ್ಡಲ್ಲಿ ಒಂದು ಮೇಲ್ ಹಾಕಿ, ಈಗಲೇ ಸೇರಿಸ್ತೀನಿ" ಎನ್ನುತ್ತಾರೆ. ಭಾಯ್ ಮಗಳಿಗೆ ಸುದ್ದಿ ಕಳಿಸಿದರೆ ಅವರು ಅಷ್ಟರಲ್ಲೇ ಪತ್ರ ರೆಡಿ ಮಾಡಿಟ್ಟಿದ್ದಾರೆ. ಪಿಟಿಆರ್ ಇಲ್ಲದ ಸರ್ವರ್‌ನ ಮೇಲನ್ನು ದೊಡ್ಡ ಸೇವೆಗಳು ಬಾಗಿಲಲ್ಲೇ ತಡೆಯುತ್ತವೆ. ಸಂಖ್ಯೆ ಹೇಳುವ ಹೆಸರು, ಆ ಹೆಸರು ಹೇಳುವ ಸಂಖ್ಯೆ, ಎರಡೂ ಸುತ್ತಿ ಬಂದು ಸೇರಬೇಕು. ಗೂಗಲ್, ಯಾಹೂ 2024ರ ಫೆಬ್ರುವರಿಯಿಂದ ಬಿಗಿಗೊಳಿಸಿದ ನಿಯಮಗಳಲ್ಲಿ ಗೂಗಲ್ ಇದನ್ನು ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಹೇಳಿದೆ. ದಿನಕ್ಕೆ ಐದು ಸಾವಿರ ಮೇಲ್ ದಾಟುವವರಿಗೆ ಇನ್ನೂ ಹೆಚ್ಚು.

ಮುಂದಿನ ರೈಲು. ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್‌ನ ಮುಚ್ಚಿದ ಕಾರ್ಖಾನೆಯ ವಿಶಾಲ ಜಾಗ, ಮರಗಳ ನಡುವೆ. 2023ರ ಅಕ್ಟೋಬರ್ ತನಕ ಇಲ್ಲಿಂದ ಕೆ.ಆರ್. ಪುರಕ್ಕೆ ರೈಲಿರಲಿಲ್ಲ, ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕಿನಲ್ಲಿ ಅರ್ಧ ಜೀವ ಸವೆಯುತ್ತಿತ್ತು. ಈಗ ಬೆನ್ನಿಗಾನಹಳ್ಳಿ ಹಿಂದೆ ಸರಿದದ್ದೇ ತೂಗುಸೇತುವೆಯ ತಂತಿಗಳು ಎದುರಾಗುತ್ತವೆ.

ಗೋಡೌನ್ ಇರುವುದು ದೂರವಾಣಿನಗರದ ಅಂಚಿನಲ್ಲಿ. ಆಟೋ ಐಟಿಐ ಕಾಂಪೌಂಡಿನ ಉದ್ದಕ್ಕೂ ಸಾಗುತ್ತದೆ. ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ ಶುರುವಾದ ಕಾರ್ಖಾನೆ. ದೇಶದ ಮನೆಗಳಲ್ಲಿ ರಿಂಗಣಿಸಿದ ಕಪ್ಪು ಫೋನುಗಳು, ಊರೂರಿನ ಎಕ್ಸ್‌ಚೇಂಜುಗಳು ತಯಾರಾದ ಜಾಗ. ಸಂಖ್ಯೆ ತಿರುಗಿಸಿದರೆ ಸರಿಯಾದ ಮನೆಯ ಗಂಟೆ ಬಾರಿಸುವ ವಿದ್ಯೆಯನ್ನು ಇಲ್ಲಿನವರು ಕೈಯಾರೆ ಜೋಡಿಸಿದರು. ಈ ದಾರಿಯಲ್ಲಿ ಬಂದಾಗಲೆಲ್ಲ ನನಗೆ ಅವರ ಬಗ್ಗೆ ಗೌರವ ಉಕ್ಕುತ್ತದೆ.

ಷಟರ್ ಎತ್ತಿ ಒಳಗೆ ಬಿಡುವವನು ಹೊಸಕೋಟೆ ಕಡೆಯ ಹುಡುಗ. "ಬನ್ನಿ ಅಣ್ಣ, ಮಿಷಿನ್ ಆನ್ ಇಟ್ಟಿದೀನಿ." ಮೂಲೆಯ ಪಾರ್ಟಿಶನ್ ಹಿಂದೆ ರ‍್ಯಾಕ್, ಯುಪಿಎಸ್, ಮೇಲೆ ಒಂದು ಫ್ಯಾನ್. ಸರ್ವರ್ ತನ್ನನ್ನು ಪರಿಚಯಿಸಿಕೊಳ್ಳುವ ಹೆಸರು ಸರಿಯಾಗಿದೆಯೇ ನೋಡುತ್ತೇನೆ. ಪಿಟಿಆರ್‌ನಲ್ಲಿ ಬರೆಸಿದ್ದೂ ಇದೂ ಅಕ್ಷರಕ್ಕಕ್ಷರ ಒಂದೇ ಇರಬೇಕು. ಇದೆ.

ಈಗ ಡಿಕೆಐಎಂ. ಒಂದು ಆಜ್ಞೆಗೆ ಎರಡು ಕೀಲಿಗಳು ಹುಟ್ಟುತ್ತವೆ. ಗುಟ್ಟಿನದು ಈ ಯಂತ್ರ ಬಿಟ್ಟು ಆಚೆ ಹೋಗುವುದಿಲ್ಲ, ಹೊರಡುವ ಪ್ರತಿ ಮೇಲ್‌ಗೂ ಅದರಿಂದ ಸಹಿ. ಇನ್ನೊಂದನ್ನು ಡಿಎನ್‌ಎಸ್‌ನಲ್ಲಿ ಪ್ರಕಟಿಸುತ್ತೇವೆ, ಪಡೆದವರು ಅದನ್ನು ತಂದು ಸಹಿ ತಾಳೆ ನೋಡುತ್ತಾರೆ. ದಾರಿಯಲ್ಲಿ ಯಾರಾದರೂ ಖಾತೆ ಸಂಖ್ಯೆಯ ಒಂದು ಅಂಕಿ ತಿದ್ದಿದರೂ ತಾಳೆಯಾಗುವುದಿಲ್ಲ. ಕೀಲಿಗೆ ಇಟ್ಟ ಸೆಲೆಕ್ಟರ್ ಹೆಸರಿನಲ್ಲಿ ಇಸವಿ ಸೇರಿಸುತ್ತೇನೆ, ಮುಂದೆ ಕೀಲಿ ಬದಲಿಸುವಾಗ ಹಳೆಯದು ಯಾವುದೆಂದು ತಿಳಿಯಲಿ.

ಅಂಟಿಸಿ, ಉಳಿಸಿ, ಜಿಮೇಲ್ ಖಾತೆಯೊಂದಕ್ಕೆ ಪರೀಕ್ಷೆಯ ಮೇಲ್ ಕಳಿಸಿದರೆ ಎಸ್‌ಪಿಎಫ್ ಪಾಸ್, ಡಿಕೆಐಎಂ ಫೇಲ್. ಡಿಗ್ ಹಾಕಿದಾಗ ಕಾರಣ ಕಾಣುತ್ತದೆ, ಕೀಲಿಯ ಬಾಲ ಇಲ್ಲ. ಟಿಎಕ್ಸ್‌ಟಿ ರೆಕಾರ್ಡಿನ ಒಂದು ತುಂಡಿನಲ್ಲಿ 255 ಅಕ್ಷರಗಳಷ್ಟೇ ಹಿಡಿಯುವುದು, 2048 ಬಿಟ್ ಕೀಲಿ ಅದನ್ನು ಮೀರುತ್ತದೆ. ಒಳ್ಳೆಯ ಪ್ಯಾನೆಲ್ ತಾನೇ ತುಂಡು ಮಾಡುತ್ತದೆ. ಇದು ಮಾತೇ ಆಡದೆ ಕತ್ತರಿಸಿ ಎಸೆದಿದೆ. ಕೀಲಿಯನ್ನು ಎರಡು ಉದ್ಧರಣ ಚಿಹ್ನೆಗಳ ಜೋಡಿಯೊಳಗೆ ಭಾಗ ಮಾಡಿ ಮತ್ತೆ ಹಾಕುತ್ತೇನೆ; ಓದುವವರು ನಡುವೆ ಜಾಗ ಬಿಡದೆ ಕೂಡಿಸಿಕೊಳ್ಳುತ್ತಾರೆ. ಐದು ನಿಮಿಷ ಕಾಯಬೇಕು.

ಹುಡುಗ ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂರುತ್ತಾನೆ. "ಅಣ್ಣ, ಈ ಹೆಸರು ಕನ್ನಡದಲ್ಲಿ ಇಡೋಕಾಗಲ್ವಾ?"

"ಆಗುತ್ತೆ. ಕನ್ನಡ ಲಿಪೀಲೇ ಡಾಟ್ ಭಾರತ ಅಂತ ಇದೆ. ಒಳಗಡೆ ಡಿಎನ್‌ಎಸ್‌ಗೆ ಅದು ಎಕ್ಸ್‌ಎನ್, ಎರಡು ಅಡ್ಡಗೆರೆ ಅಂತ ಶುರುವಾಗೋ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಹೋಗುತ್ತೆ, ಓದೋರಿಗೆ ಕನ್ನಡವೇ ಕಾಣುತ್ತೆ. ಎಂಎಕ್ಸ್, ಎಸ್‌ಪಿಎಫ್ ಎಲ್ಲ ಇದೇ ಥರ."

"ಮತ್ತೆ @ ಹಿಂದಿನ ಹೆಸರು?"

ಒಳ್ಳೆಯ ಪ್ರಶ್ನೆ. ಅದಕ್ಕೆ ಮೇಲ್ ಸರ್ವರ್‌ಗಳಿಗೇ ಬೇರೆ ಶಕ್ತಿ ಬೇಕು. 2012ರಲ್ಲಿ ಅದರ ನಿಯಮ ಬಂದಿದೆ, ಹೆಸರು ಎಸ್‌ಎಂಟಿಪಿಯುಟಿಎಫ್8. ಕಳಿಸುವವರು, ನಡುವಿನವರು, ಪಡೆಯುವವರು ಎಲ್ಲರೂ ಅದನ್ನು ಬಲ್ಲವರಾಗಿದ್ದರೆ ಮಾತ್ರ ಕನ್ನಡದ ವಿಳಾಸಕ್ಕೆ ಮೇಲ್ ಸೇರುತ್ತದೆ. ಈ ಸರ್ವರ್‌ನಲ್ಲಿ ಅದನ್ನು ಈಗಲೇ ಚಾಲೂ ಮಾಡುತ್ತೇನೆ. ಬರುವ ಮೇಲ್ ಕನ್ನಡದ ವಿಳಾಸದಿಂದ ಬಂದರೆ ಈ ಬಾಗಿಲಲ್ಲಂತೂ ವಾಪಸ್ ಹೋಗಬಾರದು.

ಎರಡನೇ ಪರೀಕ್ಷೆ. ಹುಡುಗ ನನಗಿಂತ ಮೊದಲೇ ಓದಿ ಹೇಳುತ್ತಾನೆ: "ಎಸ್‌ಪಿಎಫ್ ಪಾಸ್, ಡಿಕೆಐಎಂ ಪಾಸ್!"

ಉಳಿದದ್ದು ಎರಡನ್ನೂ ಕಟ್ಟಿಹಾಕುವ ಸಾಲು, ಡಿಮಾರ್ಕ್. ನಿಯಮವಾಗಿ ಪ್ರಕಟವಾದದ್ದು 2015ರಲ್ಲಿ. ಗಿರಾಕಿಯ ಕಣ್ಣಿಗೆ ಕಾಣುವ 'ಇಂಥವರಿಂದ' ಎಂಬ ಡೊಮೈನೂ, ಎಸ್‌ಪಿಎಫ್ ಅಥವಾ ಡಿಕೆಐಎಂ ಒಪ್ಪಿದ ಡೊಮೈನೂ ಒಂದೇ ಆಗಿರಬೇಕು ಎನ್ನುತ್ತದೆ ಇದು. ಆಗದಿದ್ದರೆ ಏನು ಮಾಡಬೇಕೆಂಬುದನ್ನೂ ಡೊಮೈನ್ ಒಡೆಯನೇ ಹೇಳಬಹುದು: ನನ್ ಎಂದರೆ ಸುಮ್ಮನೆ ವರದಿ ಕಳಿಸಿ, ಕ್ವಾರಂಟೈನ್ ಎಂದರೆ ಸ್ಪ್ಯಾಮಿಗೆ ಹಾಕಿ, ರಿಜೆಕ್ಟ್ ಎಂದರೆ ಬಾಗಿಲಿಂದಲೇ ವಾಪಸ್. ನಾನು ನನ್ ಎಂದು ಬರೆದು ವರದಿ ಹೋಗಬೇಕಾದ ವಿಳಾಸ ಸೇರಿಸಿ ಶಿವಾಜಿನಗರಕ್ಕೆ ಫೋನ್ ಮಾಡುತ್ತೇನೆ.

"ಈಗಲೇ ರಿಜೆಕ್ಟ್ ಹಾಕಿಬಿಡಿ ಸಾರ್," ಭಾಯ್ ದನಿಯಲ್ಲಿ ಅವಸರ.

"ಹಾಕಿದ್ರೆ ನಿಮ್ಮ ಬಿಲ್ಲುಗಳೂ ವಾಪಸ್ ಬರ್ತವೆ ಭಾಯ್. ಬಿಲ್ಲಿಂಗ್ ಕಂಪನಿಯವರು ನಿಮ್ಮ ಹೆಸರಲ್ಲಿ ಕಳಿಸ್ತಾರೆ, ಸರ್ವರ್‌ಗಳು ಹೇಳ್ಕೊಳ್ಳೋ ವಿಳಾಸ, ಸಹಿ ಎರಡನ್ನೂ ಮಾತ್ರ ತಮ್ಮ ಡೊಮೈನಿಂದ ಹಾಕ್ತಾರೆ. ನಿಮ್ಮ ಡೊಮೈನಿನ ಸಹಿ ಹಾಕೋ ಹಾಗೆ ಅವರು ಎರಡು ಸಿನೇಮ್ ಕೊಡ್ಬೇಕು, ನಾವು ಇಲ್ಲಿ ಸೇರಿಸ್ಬೇಕು."

ಮಗಳು ಫೋನ್ ತೆಗೆದುಕೊಳ್ಳುತ್ತಾರೆ. "ವರದಿ ಹೇಗಿರುತ್ತೆ ಸಾರ್? ಯಾರು ಓದ್ತಾರೆ?"

"ದಿನಕ್ಕೊಂದು ಎಕ್ಸ್‌ಎಂಎಲ್ ಕಡತ ಬರುತ್ತೆ ಮೇಡಂ, ಗೂಗಲ್‌ನಿಂದ ಒಂದು, ಇನ್ನೊಬ್ಬರಿಂದ ಒಂದು. ಯಾವ ಐಪಿಯಿಂದ ನಿಮ್ಮ ಹೆಸರಲ್ಲಿ ಎಷ್ಟು ಮೇಲ್ ಬಂತು, ಎಷ್ಟು ಪಾಸು, ಎಷ್ಟು ಫೇಲು. ಲೆಡ್ಜರ್ ನೋಡೋ ಕಣ್ಣಿಗೆ ಕಷ್ಟ ಆಗಲ್ಲ. ನಿಮ್ಮವಲ್ಲದ ಐಪಿಗಳನ್ನ ಕೆಂಪಲ್ಲಿ ಗುರುತು ಹಾಕ್ಕೊಳ್ಳಿ. ನಿಮ್ಮವೆಲ್ಲ ಪಾಸಾಗ್ತಿವೆ ಅಂತ ಖಾತ್ರಿಯಾದ ದಿನ ಕ್ವಾರಂಟೈನ್, ಆಮೇಲೆ ರಿಜೆಕ್ಟ್."

"ಬಿಲ್ಲಿಂಗ್‌ನವರ ನಂಬರ್ ನನ್ಹತ್ರ ಇದೆ. ನಾಳೆ ಹತ್ತಕ್ಕೆ ಅವರ ಆಫೀಸ್ ತೆಗಿಯುತ್ತೆ, ನಾನೇ ಕೇಳ್ತೀನಿ. ಸಿನೇಮ್ ಎರಡು, ಅಲ್ವಾ ಸಾರ್?"

"ಎರಡು. ಕೊನೆಯ ಚುಕ್ಕೆ ನೋಡ್ಕೊಳ್ಳಿ."